ಕೆಲಸ ಒಪ್ಪಿಸಿದ ಮೇಲೆ ‘ದಿಸ್’ ಯಾರು?

(ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಪ್ರೋಗ್ರಾಮರ್‌ಗಳ ಎದುರು ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಕನ್ನಡದ ಹೆಸರುಗಳಲ್ಲೇ ಕೊಟ್ಟಿದ್ದೇನೆ. ಪ್ರಶ್ನೋತ್ತರದಲ್ಲಿ ಬಂದ ಎರಡು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿದ್ಯಾನಗರದಿಂದ, ತಡಸಿನಕೊಪ್ಪದಿಂದ ಬಂದ ವಿದ್ಯಾರ್ಥಿಗಳು ಮುಂದಿನ ಸಾಲುಗಳಲ್ಲಿದ್ದೀರಿ. ಹಿಂದಿನ ಸಾಲುಗಳಲ್ಲಿ ಐ.ಟಿ. ಪಾರ್ಕಿನಿಂದ ಕೆಲಸ ಮುಗಿಸಿ ನೇರ ಬಂದವರಿದ್ದೀರಿ. ಮುಂದಿನವರಿಗೆ ಇಂಟರ್‌ವ್ಯೂ ಚಿಂತೆ, ಹಿಂದಿನವರಿಗೆ ನಾಳೆ ಬೆಳಗ್ಗೆ ಗ್ರಾಹಕರಿಂದ ಬರುವ ಫೋನಿನ ಚಿಂತೆ. ಇಬ್ಬರಿಗೂ ಬೇಕಾಗುವ ವಿಷಯವನ್ನೇ ಆರಿಸಿಕೊಂಡಿದ್ದೇನೆ: ಡೆಲಿಗೇಶನ್. ಒಂದು ಆಬ್ಜೆಕ್ಟ್ (ಮೆಥಡ್ ಎಂಬ ಕೆಲಸಗಳನ್ನು ಬಲ್ಲ ಪ್ರೋಗ್ರಾಮಿನ ತುಣುಕು; ಅದರ ನಕ್ಷೆಯೇ ಕ್ಲಾಸ್) ತನ್ನ ಬಳಿ ಬಂದ ಕೆಲಸವನ್ನು ತಾನೇ ಮಾಡದೆ ಇನ್ನೊಂದು ಆಬ್ಜೆಕ್ಟಿಗೆ ಒಪ್ಪಿಸುವ ಕ್ರಮ.

‘ಇನ್‌ಹೆರಿಟನ್ಸ್‌ಗಿಂತ ಕಾಂಪೊಸಿಶನ್ ಮೇಲು’ ಎಂಬ ಮಾತನ್ನು ನಿಮ್ಮಲ್ಲಿ ಹೆಚ್ಚಿನವರು ಬಾಯಿಪಾಠ ಮಾಡಿದ್ದೀರಿ. ತಾಯಿ ಕ್ಲಾಸಿನ ಮೆಥಡ್‌ಗಳು ಮಗು ಕ್ಲಾಸಿಗೆ ಬಳುವಳಿಯಾಗಿ ಬರುವುದು ಇನ್‌ಹೆರಿಟನ್ಸ್, ಒಂದು ಆಬ್ಜೆಕ್ಟ್ ಇನ್ನೊಂದನ್ನು ತನ್ನೊಳಗೆ ಇಟ್ಟುಕೊಳ್ಳುವುದು ಕಾಂಪೊಸಿಶನ್. ಈ ಮಾತಿಗೆ ಪ್ರಚಾರ ಸಿಕ್ಕಿದ್ದು 1994ರಲ್ಲಿ ಬಂದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಿಂದ. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೆಸ್ ಎಂಬ ನಾಲ್ವರು ಸೇರಿ 23 ಪ್ಯಾಟರ್ನ್‌ಗಳನ್ನು (ಮತ್ತೆ ಮತ್ತೆ ಎದುರಾಗುವ ವಿನ್ಯಾಸದ ಸಮಸ್ಯೆಗಳಿಗೆ ಮಾದರಿ ಪರಿಹಾರಗಳನ್ನು) ವಿವರಿಸಿದ ಪುಸ್ತಕ ಅದು. ಯಾಕೆ ಮೇಲು ಎಂದು ಕೇಳಿದರೆ ‘ಕಪ್ಲಿಂಗ್ ಕಡಿಮೆ ಆಗುತ್ತದೆ’, ಅಂದರೆ ಒಂದು ಭಾಗ ಇನ್ನೊಂದಕ್ಕೆ ಅಂಟಿಕೊಂಡಿರುವುದು ಕಡಿಮೆ ಆಗುತ್ತದೆ ಎಂಬ ಉತ್ತರ ತಟ್ಟನೆ ಬರುತ್ತದೆ. ಉತ್ತರ ಸರಿ. ಆದರೆ ಅದನ್ನು ನಂಬಿ ಕೋಡ್ ಬರೆದವನ ಲೆಕ್ಕ ತಪ್ಪಬಹುದು, ಕಂಪೈಲರ್ ಒಂದು ಮಾತೂ ಆಡದೆ ಸುಮ್ಮನಿರಬಹುದು. ಅದು ಹೇಗೆ ಎಂಬುದನ್ನು ಇವತ್ತು ತೋರಿಸುತ್ತೇನೆ. ಕೆಲಸ ಒಪ್ಪಿಸಿದ ಮೇಲೆ, ಆ ಕೆಲಸ ನಡೆಯುತ್ತಿರುವ ಹೊತ್ತಿಗೆ, ‘ದಿಸ್’, ಅಂದರೆ ಕೋಡಿನೊಳಗಿನ ‘ನಾನು’ ಎಂಬ ಪದ, ಯಾರನ್ನು ತೋರಿಸುತ್ತಿದೆ? ಎಲ್ಲವೂ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಮೊದಲು ಇನ್‌ಹೆರಿಟನ್ಸ್ ಮೇಲಿನ ದೂರನ್ನು ಮುಗಿಸಿಬಿಡೋಣ. ಜಾವಾದ ಸ್ವಂತ ಲೈಬ್ರರಿಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಲ್ಲಿ ‘ಸ್ಟ್ಯಾಕ್’ ಕ್ಲಾಸನ್ನು ‘ವೆಕ್ಟರ್’ ಕ್ಲಾಸಿನ ಮಗುವಾಗಿ ಮಾಡಿದ್ದಾರೆ. ಸ್ಟ್ಯಾಕ್ ಎಂದರೆ ಕೊನೆಗೆ ಇಟ್ಟದ್ದೇ ಮೊದಲು ಹೊರಬರಬೇಕು, ಮಧ್ಯದಲ್ಲಿ ಕೈ ಹಾಕುವ ಹಾಗಿಲ್ಲ. ಆದರೆ ವೆಕ್ಟರಿನ ಮೆಥಡ್‌ಗಳೆಲ್ಲ ಬಳುವಳಿಯಾಗಿ ಬಂದಿರುವುದರಿಂದ, ಜಾವಾದ ಸ್ಟ್ಯಾಕಿನಲ್ಲಿ ಮೂರನೆಯ ಜಾಗಕ್ಕೆ ಏನನ್ನಾದರೂ ತುರುಕಬಹುದು, ಐದನೆಯದನ್ನು ಎಳೆದು ಹಾಕಬಹುದು. ‘ಪ್ರಾಪರ್ಟೀಸ್’ ಕ್ಲಾಸಿನ ಕಥೆಯೂ ಇದೇ. ಅದು ‘ಹ್ಯಾಶ್‌ಟೇಬಲ್’ ಕ್ಲಾಸಿನ ಮಗು. ಬರೀ ಸ್ಟ್ರಿಂಗ್‌ಗಳು ಇರಬೇಕಾದ ಕಡೆ ಯಾವ ಆಬ್ಜೆಕ್ಟ್ ಹಾಕಿದರೂ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ಹಳೆಯ ಕೋಡ್ ಒಡೆಯಬಾರದೆಂದು ಎರಡನ್ನೂ ಇಂದಿಗೂ ಹಾಗೇ ಇಟ್ಟುಕೊಂಡಿದ್ದಾರೆ. ಸ್ಟ್ಯಾಕ್ ತನ್ನೊಳಗೆ ಒಂದು ವೆಕ್ಟರ್ ಇಟ್ಟುಕೊಂಡು, ತನಗೆ ಬೇಕಾದ ನಾಲ್ಕು ಕೆಲಸವನ್ನಷ್ಟೇ ಅದಕ್ಕೆ ಒಪ್ಪಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು. ಜಾವಾದ ‘ಹ್ಯಾಶ್‌ಸೆಟ್’ ಕ್ಲಾಸಿಗೆ ಎಷ್ಟು ವಸ್ತುಗಳನ್ನು ಸೇರಿಸಲಾಯಿತು ಎಂದು ಎಣಿಸಬೇಕಾಗಿದೆ ಅನ್ನಿ. ನೀವು ಅದರ ಮಗುವಾಗಿ ಒಂದು ಕ್ಲಾಸ್ ಮಾಡಿ, ಒಂದನ್ನು ಸೇರಿಸುವ ‘ಆ್ಯಡ್’, ಹಲವನ್ನು ಒಟ್ಟಿಗೆ ಸೇರಿಸುವ ‘ಆ್ಯಡ್‌ಆಲ್’ ಎರಡನ್ನೂ ಓವರ್‌ರೈಡ್ ಮಾಡಿ (ತಾಯಿಯ ಮೆಥಡ್ಡಿನ ಜಾಗದಲ್ಲಿ ನಿಮ್ಮದನ್ನು ಬರೆದು) ಎರಡರಲ್ಲೂ ಎಣಿಕೆ ಇಟ್ಟು, ಸೇರಿಸುವ ಕೆಲಸವನ್ನು ತಾಯಿಯ ಮೆಥಡ್ಡಿಗೇ ಬಿಟ್ಟಿರಿ. ಮೂರು ವಸ್ತುಗಳನ್ನು ಒಟ್ಟಿಗೆ ಸೇರಿಸಿದರೆ ಎಣಿಕೆ ಆರು ತೋರಿಸುತ್ತದೆ! ಕಾರಣ ಇಷ್ಟೇ: ತಾಯಿ ಕ್ಲಾಸಿನ ‘ಆ್ಯಡ್‌ಆಲ್’ ಒಳಗಿನಿಂದ ‘ದಿಸ್.ಆ್ಯಡ್’ ಎಂದು ಕರೆಯುತ್ತದೆ. ಆ ‘ದಿಸ್’ ನೀವೇ. ಆದ್ದರಿಂದ ಕರೆ ತಿರುಗಿ ನಿಮ್ಮ ‘ಆ್ಯಡ್’ ಮೆಥಡ್ಡಿಗೇ ಬರುತ್ತದೆ, ಪ್ರತಿ ವಸ್ತುವೂ ಎರಡೆರಡು ಸಲ ಎಣಿಕೆಯಾಗುತ್ತದೆ. ತಾಯಿ ಕ್ಲಾಸನ್ನು ಬರೆದವರು ಒಳಗೆ ಯಾವ ಮೆಥಡ್ಡಿನಿಂದ ಯಾವ ಮೆಥಡ್ಡನ್ನು ಕರೆದಿದ್ದಾರೆ ಎಂಬ ಮನೆಯ ಗುಟ್ಟು ನಿಮ್ಮ ಲೆಕ್ಕವನ್ನು ಕೆಡಿಸಿತು. ಮುಂದಿನ ಆವೃತ್ತಿಯಲ್ಲಿ ಅವರು ಅದನ್ನು ಬದಲಿಸಿದರೆ ನಿಮ್ಮ ಲೆಕ್ಕ ಇನ್ನೊಂದು ರೀತಿ ಕೆಡುತ್ತದೆ.

ಇಲ್ಲಿ ಆದದ್ದನ್ನು ನೆನಪಿಟ್ಟುಕೊಳ್ಳಿ. ಇನ್‌ಹೆರಿಟನ್ಸಿನಲ್ಲಿ ‘ದಿಸ್’ ಕರೆ ತಿರುಗಿ ಕೆಳಗೆ ಬರುತ್ತದೆ. ಹ್ಯಾಶ್‌ಸೆಟ್ ವಿಷಯದಲ್ಲಿ ಅದು ಕಾಟ ಕೊಟ್ಟಿತು. ಅದೇ ಗುಣ ಬೇಕೇಬೇಕಾಗುವ ಸಂದರ್ಭವೂ ಇದೆ.

ಉದಾಹರಣೆಗೆ ನಮ್ಮ ಸೀಮೆಯ ಒಂದು ಪ್ರೋಗ್ರಾಮ್ ತೆಗೆದುಕೊಳ್ಳೋಣ, ದಲಾಲಿ ಅಂಗಡಿಯ ಲೆಕ್ಕದ್ದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನಿಮಗೆಲ್ಲ ಗೊತ್ತು. ಡಬ್ಬಿ, ಕಡ್ಡಿ ಎಂದು ಬೇರೆ ಬೇರೆ ಮಾಡಿದ ಚೀಲಗಳು, ಪ್ರತಿ ರಾಶಿಗೂ ಒಂದು ಲಾಟ್ ನಂಬರ್, ಆಮೇಲೆ ಟೆಂಡರ್, ತೂಕ, ಕೊನೆಗೆ ರೈತನ ಕೈಗೆ ಲೆಕ್ಕದ ಪಟ್ಟಿ. ಅಮರಗೋಳದ ಎ.ಪಿ.ಎಂ.ಸಿ.ಯಲ್ಲೂ ಪಟ್ಟಿ ಅಂದರೆ ಇದೇ ಕಾಗದ. ಆ ಪಟ್ಟಿಯನ್ನು ಕ್ಲಾಸ್ ಆಗಿ ಬರೆದರೆ ಹೀಗಿರುತ್ತದೆ:

ಕ್ಲಾಸ್ ಪಟ್ಟಿ
    ಕಡಿತ(ಬೆಲೆ) : ಬೆಲೆಯ ನೂರಕ್ಕೆ 2
    ನಿವ್ವಳ(ಬೆಲೆ) : ಬೆಲೆ − ದಿಸ್.ಕಡಿತ(ಬೆಲೆ)

ಶೇಕಡಾ ಎರಡು ಎಂಬುದು ಲೆಕ್ಕ ಸುಲಭವಾಗಲೆಂದು ನಾನು ಇಟ್ಟುಕೊಂಡ ಅಂಕಿ. ರೈತ ಎರಡು ಕ್ವಿಂಟಾಲ್ ತಂದಿದ್ದಾನೆ, ಕ್ವಿಂಟಾಲಿಗೆ 20,000 ರೂಪಾಯಿ ದರ ಸಿಕ್ಕಿದೆ ಎಂದುಕೊಳ್ಳಿ. ಬೆಲೆ 40,000. ಕಡಿತ 800. ನಿವ್ವಳ 39,200.

ಈಗ ಅಂಗಡಿಯ ಸಾಹುಕಾರರು, ‘ಸಂಘದ ಸದಸ್ಯರಿಗೆ ಕಡಿತ ಅರ್ಧ ಮಾಡಿ’ ಅನ್ನುತ್ತಾರೆ. ‘ಸಂಘದಪಟ್ಟಿ’ ಎಂಬ ಮಗು ಕ್ಲಾಸ್ ಮಾಡಿ, ‘ಕಡಿತ’ ಮೆಥಡ್ಡನ್ನು ಓವರ್‌ರೈಡ್ ಮಾಡಿ ನೂರಕ್ಕೆ 1 ಎಂದು ಬರೆದಿರಿ. ‘ನಿವ್ವಳ’ ಮೆಥಡ್ಡನ್ನು ಮುಟ್ಟಲೇ ಇಲ್ಲ. ಆದರೂ ಉತ್ತರ 39,600 ಎಂದು ಸರಿಯಾಗಿ ಬರುತ್ತದೆ. ತಾಯಿಯ ‘ನಿವ್ವಳ’ದಲ್ಲಿರುವ ‘ದಿಸ್’ ಈಗ ಸಂಘದಪಟ್ಟಿಯೇ ಆಗಿರುವುದರಿಂದ ಹೊಸ ಕಡಿತ ಓಡುತ್ತದೆ. ಹ್ಯಾಶ್‌ಸೆಟ್‌ನಲ್ಲಿ ಕಾಟ ಕೊಟ್ಟ ಗುಣವೇ ಇಲ್ಲಿ ಉಪಕಾರಕ್ಕೆ ಬಂತು.

ಬಾಯಿಪಾಠದ ವಾಕ್ಯವನ್ನು ನಂಬಿದ ಇನ್ನೊಬ್ಬರು ಇದನ್ನು ಕಾಂಪೊಸಿಶನ್ನಿನಲ್ಲಿ ಬರೆಯುತ್ತಾರೆ. ‘ಸಂಘದಪಟ್ಟಿ’ ಈಗ ಮಗುವಲ್ಲ. ಅದು ತನ್ನೊಳಗೆ ಒಂದು ಸಾದಾ ಪಟ್ಟಿಯನ್ನು ಇಟ್ಟುಕೊಂಡಿದೆ:

ಕ್ಲಾಸ್ ಸಂಘದಪಟ್ಟಿ
    ಒಳಗಿನ : ಪಟ್ಟಿ
    ಕಡಿತ(ಬೆಲೆ) : ಬೆಲೆಯ ನೂರಕ್ಕೆ 1
    ನಿವ್ವಳ(ಬೆಲೆ) : ಒಳಗಿನ.ನಿವ್ವಳ(ಬೆಲೆ)

ಕಡಿತ ತನ್ನದೇ, ನಿವ್ವಳದ ಕೆಲಸ ಒಳಗಿನ ಪಟ್ಟಿಗೆ ಒಪ್ಪಿಸಿದೆ. ನೋಡಲು ಎಷ್ಟು ಅಚ್ಚುಕಟ್ಟು! ಈಗ ‘ಕಡಿತ’ ಎಷ್ಟು ಎಂದು ಬಿಡಿಯಾಗಿ ಕೇಳಿ, 400 ಅನ್ನುತ್ತದೆ. ‘ನಿವ್ವಳ’ ಎಷ್ಟು ಎಂದು ಕೇಳಿ, 39,200 ಅನ್ನುತ್ತದೆ. ಒಂದೇ ಕಾಗದದ ಮೇಲೆ 40,000, ಅದರ ಕೆಳಗೆ ಕಡಿತ 400, ಅದರ ಕೆಳಗೆ ನಿವ್ವಳ 39,200 ಎಂದು ಅಚ್ಚಾಗುತ್ತದೆ. ರೈತನಿಗೆ 400 ರೂಪಾಯಿ ಖೋತಾ. ಕರೆ ಒಳಗಿನ ಪಟ್ಟಿಗೆ ಹೋದ ಕ್ಷಣದಿಂದ ‘ದಿಸ್’ ಅನ್ನುವುದು ಆ ಒಳಗಿನ ಪಟ್ಟಿಯೇ. ಹೊರಗೆ ಸಂಘದಪಟ್ಟಿ ಎಂಬುದೊಂದು ಇದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಅದು ತನ್ನ ಹಳೆಯ ಶೇಕಡಾ ಎರಡನ್ನೇ ಕಳೆಯುತ್ತದೆ.

ಇದನ್ನು ಸರಿಪಡಿಸಲು ಮೂರನೆಯ ರೀತಿ ಇದೆ. ಕೆಲಸ ಒಪ್ಪಿಸುವಾಗ ‘ಯಾರ ಪರವಾಗಿ’ ಎಂಬುದನ್ನೂ ಜೊತೆಗೆ ಕಳಿಸುವುದು. ಸಾದಾ ಪಟ್ಟಿಯ ನಿವ್ವಳವನ್ನು ಹೀಗೆ ತಿದ್ದುತ್ತೇವೆ:

    ನಿವ್ವಳ(ಬೆಲೆ, ಪರ) : ಬೆಲೆ − ಪರ.ಕಡಿತ(ಬೆಲೆ)

ಸಂಘದಪಟ್ಟಿ ಒಪ್ಪಿಸುವಾಗ ‘ಒಳಗಿನ.ನಿವ್ವಳ(ಬೆಲೆ, ದಿಸ್)’ ಎಂದು ತನ್ನನ್ನೇ ಕೊಟ್ಟು ಕಳಿಸುತ್ತದೆ. ಈಗ ಉತ್ತರ 39,600. ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲರಿಗೆ ವಕಾಲತ್ತು ಸಹಿ ಮಾಡಿ ಕೊಟ್ಟ ಹಾಗೆ. ವಾದ ಮಾಡುವವರು ವಕೀಲರು, ಆದರೆ ಕೇಸು ನಿಮ್ಮ ಹೆಸರಿನಲ್ಲಿದೆ, ತೀರ್ಪು ಅನ್ವಯವಾಗುವುದೂ ನಿಮಗೆ.

ಮೊದಲನೆಯದು ಇನ್‌ಹೆರಿಟನ್ಸ್. ಸುಮ್ಮನೆ ಒಳಗಿನ ಪಟ್ಟಿಗೆ ದಾಟಿಸಿದ ಎರಡನೆಯ ರೀತಿಗೆ ಫಾರ್ವರ್ಡಿಂಗ್ ಎಂದು ಹೆಸರು. ಮೂರನೆಯದು ಮೂಲ ಅರ್ಥದ ಡೆಲಿಗೇಶನ್. 1986ರಲ್ಲಿ, ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗ್ ಕುರಿತ ಮೊದಲನೆಯ ಊಪ್ಸ್ಲಾ ಸಮ್ಮೇಳನದಲ್ಲಿ ಹೆನ್ರಿ ಲೀಬರ್‌ಮನ್ ಮಂಡಿಸಿದ ಪ್ರಬಂಧ ಈ ಅರ್ಥವನ್ನು ನೆಲೆಗೊಳಿಸಿತು. ಕ್ಲಾಸ್ ಎಂಬುದೇ ಬೇಡ, ಒಂದು ಮಾದರಿ ಆಬ್ಜೆಕ್ಟ್ ಇರಲಿ, ಹೊಸ ಆಬ್ಜೆಕ್ಟ್ ತನಗೆ ಗೊತ್ತಿಲ್ಲದ ಪ್ರಶ್ನೆಯನ್ನು ಆ ಮಾದರಿಗೆ ಒಪ್ಪಿಸಲಿ, ಆದರೆ ಒಪ್ಪಿಸಿದ ಮೇಲೂ ‘ಸೆಲ್ಫ್’ (ನಮ್ಮ ‘ದಿಸ್’) ಅನ್ನುವುದು ಮೊದಲು ಪ್ರಶ್ನೆ ಪಡೆದವನನ್ನೇ ತೋರಿಸಲಿ ಎಂಬುದು ಅವರ ವಾದ. ಅದೇ ದಾರಿಯಲ್ಲಿ ಡೇವಿಡ್ ಉಂಗರ್ ಮತ್ತು ರಾಂಡಲ್ ಸ್ಮಿತ್ ‘ಸೆಲ್ಫ್’ ಎಂಬ ಹೆಸರಿನ ಭಾಷೆಯನ್ನೇ ಕಟ್ಟಿದರು. 1987ರಲ್ಲಿ ಲಿನ್ ಸ್ಟೈನ್ ಇನ್ನೊಂದು ದಿಕ್ಕಿನಿಂದ ಬಂದು, ಡೆಲಿಗೇಶನ್ನೂ ಇನ್‌ಹೆರಿಟನ್ಸೂ ಒಂದೇ ಎಂದು ವಾದಿಸಿದರು. ಆ ವರ್ಷದ ಸಮ್ಮೇಳನ ನಡೆದದ್ದು ಅಮೆರಿಕದ ಒರ್ಲ್ಯಾಂಡೊದಲ್ಲಿ. ಸ್ಟೈನ್, ಲೀಬರ್‌ಮನ್, ಉಂಗರ್ ಮೂವರೂ ಅಲ್ಲಿ ಚರ್ಚಿಸಿ ಒಂದು ಒಪ್ಪಂದಕ್ಕೆ ಬಂದರು, ಅದಕ್ಕೆ ‘ಒರ್ಲ್ಯಾಂಡೊ ಒಪ್ಪಂದ’ ಎಂದೇ ಹೆಸರಿಟ್ಟರು. ಎಲ್ಲ ಸಂದರ್ಭಕ್ಕೂ ಇದೊಂದೇ ಶ್ರೇಷ್ಠ ಎನ್ನುವಂಥ ಕ್ರಮ ಇಲ್ಲ ಎಂಬುದು ಅದರ ಸಾರ. ಭಿನ್ನಮತದ ಮೂವರು ವಿದ್ವಾಂಸರು ಕೂತು ಮಾತಾಡಿ, ತಮ್ಮ ತಮ್ಮ ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಒಟ್ಟಿಗೆ ಬರೆದುಕೊಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಇದೆಲ್ಲ ಹಳೆಯ ಪ್ರಬಂಧಗಳ ಮಾತು ಅನ್ನಿಸಬಹುದು. ಆದರೆ ನಿಮ್ಮ ಕಿಸೆಯಲ್ಲಿರುವ ಮೊಬೈಲಿನ ಬ್ರೌಸರ್‌ನಲ್ಲಿ ಓಡುತ್ತಿರುವುದು ಇದೇ. 1995ರಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಮಾಡಿದಾಗ ಪ್ರೋಟೋಟೈಪಿನ, ಅಂದರೆ ಮಾದರಿ ಆಬ್ಜೆಕ್ಟಿನ, ಯೋಚನೆಯನ್ನು ತೆಗೆದುಕೊಂಡದ್ದು ಸೆಲ್ಫ್ ಭಾಷೆಯಿಂದ. ಜಾವಾಸ್ಕ್ರಿಪ್ಟಿನಲ್ಲಿ ಒಂದು ಮೆಥಡ್ ಆಬ್ಜೆಕ್ಟಿನಲ್ಲಿ ಸಿಗದಿದ್ದರೆ ಅದರ ಪ್ರೋಟೋಟೈಪಿನಲ್ಲಿ ಹುಡುಕುತ್ತದೆ, ಅಲ್ಲೂ ಇಲ್ಲದಿದ್ದರೆ ಅದರ ಪ್ರೋಟೋಟೈಪಿನಲ್ಲಿ. ಎಷ್ಟು ಮೇಲೆ ಹೋಗಿ ಸಿಕ್ಕಿದರೂ, ಓಡುವಾಗ ‘ದಿಸ್’ ಮಾತ್ರ ಮೊದಲು ಕರೆ ಪಡೆದ ಆಬ್ಜೆಕ್ಟೇ. ನಮ್ಮ ಸಂಘದಪಟ್ಟಿಯನ್ನು ಸಾದಾ ಪಟ್ಟಿಯ ಪ್ರೋಟೋಟೈಪಿನ ಮೇಲೆ ಕಟ್ಟಿದರೆ, ಏನೂ ಹೆಚ್ಚುವರಿ ಬರೆಯದೆ 39,600 ಬರುತ್ತದೆ.

ಹೊಸ ಭಾಷೆಗಳ ವಿಷಯದಲ್ಲಿ ಎಚ್ಚರ ಬೇಕು. ಕೋಟ್ಲಿನ್‌ನಲ್ಲಿ ‘ಬೈ’ ಎಂಬ ಒಂದೇ ಪದದಿಂದ ಇಡೀ ಇಂಟರ್‌ಫೇಸನ್ನು (ಯಾವ ಯಾವ ಮೆಥಡ್ ಕೊಡುತ್ತೇನೆ ಎಂಬ ಕರಾರನ್ನು) ಇನ್ನೊಂದು ಆಬ್ಜೆಕ್ಟಿಗೆ ಒಪ್ಪಿಸಬಹುದು. ಅದನ್ನು ಡೆಲಿಗೇಶನ್ ಎಂದೇ ಕರೆಯುತ್ತಾರೆ. ಆದರೆ ಹೊರಗಿನ ಕ್ಲಾಸಿನಲ್ಲಿ ಓವರ್‌ರೈಡ್ ಮಾಡಿದ್ದನ್ನು ಒಳಗಿನ ಆಬ್ಜೆಕ್ಟ್ ಕರೆಯುವುದಿಲ್ಲ ಎಂದು ಕೋಟ್ಲಿನ್ ದಾಖಲೆಯೇ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಅಲ್ಲಿ ಬರುವುದು 39,200. ಗೋ ಭಾಷೆಯಲ್ಲಿ ಒಂದು ಸ್ಟ್ರಕ್ಟಿನೊಳಗೆ ಇನ್ನೊಂದನ್ನು ಹುದುಗಿಸಿದರೆ ಒಳಗಿನದರ ಮೆಥಡ್‌ಗಳು ಹೊರಗಿನದರ ಮೆಥಡ್‌ಗಳಂತೆಯೇ ಸಿಗುತ್ತವೆ. ನೋಡಲು ಇನ್‌ಹೆರಿಟನ್ಸಿನ ಹಾಗೇ ಇದ್ದರೂ ಅಲ್ಲೂ 39,200. ಜಾವಾದಿಂದ ಗೋ ಕಡೆಗೆ ಹೋದವರು ಎಡವುವ ಮೊದಲ ಕಲ್ಲು ಇದು. ಸಿ ಶಾರ್ಪ್‌ನಲ್ಲಿ ‘ಡೆಲಿಗೇಟ್’ ಎಂಬುದು ಮೆಥಡ್ಡನ್ನು ತೋರಿಸುವ ಒಂದು ಬಗೆಯ ಟೈಪ್, ಅದನ್ನು ಇವತ್ತಿನ ಮಾತಿಗೆ ಸೇರಿಸಿಕೊಳ್ಳಬೇಡಿ.

ಈಗ ಹಿಂದಿನ ಸಾಲಿನವರ ಕಡೆಗೆ ಬರುತ್ತೇನೆ. ನಿಮ್ಮಲ್ಲಿ ಸ್ಪ್ರಿಂಗ್ (ಜಾವಾ ಪ್ರೋಗ್ರಾಮ್ ಕಟ್ಟುವ ಚೌಕಟ್ಟು) ಬಳಸುವವರು ಕೈ ಎತ್ತಿ ಎಂದಾಗ ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದವು. ಹಾಗಾದರೆ ಈ ಭಾಗ ನಿಮಗೇ.

‘ಪಟ್ಟಿಸೇವೆ’ ಎಂಬ ಕ್ಲಾಸ್ ಇದೆ ಅನ್ನಿ. ಅದರಲ್ಲಿ ‘ಉಳಿಸು’ ಎಂಬ ಮೆಥಡ್ ಒಂದು ಪಟ್ಟಿಯನ್ನು ಡೇಟಾಬೇಸಿಗೆ ಬರೆಯುತ್ತದೆ: ಮೊದಲು ರೈತನ ಹೆಸರು, ತಾರೀಖು ಇರುವ ಸಾಲು, ಆಮೇಲೆ ಒಂದೊಂದು ಲಾಟಿಗೂ ಒಂದೊಂದು ಸಾಲು. ಮಧ್ಯೆ ತಪ್ಪಾದರೆ ಎಲ್ಲವೂ ರದ್ದಾಗಬೇಕು, ಅರ್ಧ ಪಟ್ಟಿ ಉಳಿಯಬಾರದು. ಅದಕ್ಕೆಂದೇ ‘ಉಳಿಸು’ ಮೆಥಡ್ಡಿನ ತಲೆಯ ಮೇಲೆ ‘ಟ್ರಾನ್ಸಾಕ್ಷನಲ್’ ಎಂಬ ಚೀಟಿ ಅಂಟಿಸಿದ್ದೀರಿ. ಪರೀಕ್ಷೆ ಮಾಡಿದ್ದೀರಿ, ಸರಿಯಾಗಿದೆ. ಆಮೇಲೆ ಯಾರೋ ‘ದಿನದ ಪಟ್ಟಿಗಳನ್ನೆಲ್ಲ ಒಂದೇ ಸಲ ಉಳಿಸುವ ಬಟನ್ ಕೊಡಿ’ ಅನ್ನುತ್ತಾರೆ. ಅದೇ ಕ್ಲಾಸಿನಲ್ಲಿ ‘ಎಲ್ಲಉಳಿಸು’ ಎಂಬ ಮೆಥಡ್ ಬರೆದು, ಒಂದು ಲೂಪ್ ಹಾಕಿ, ಒಳಗೆ ‘ದಿಸ್.ಉಳಿಸು’ ಎಂದು ಕರೆಯುತ್ತೀರಿ. ಅದರ ಮೇಲೆ ಚೀಟಿ ಹಚ್ಚುವುದಿಲ್ಲ, ಹೇಗೂ ‘ಉಳಿಸು’ ಮೇಲೆ ಇದೆಯಲ್ಲ ಎಂಬ ಧೈರ್ಯ. ಒಂದು ದಿನ ಯಾವುದೋ ಲಾಟಿನ ತೂಕ ಖಾಲಿ ಇದ್ದು ಮಧ್ಯದಲ್ಲಿ ಎಕ್ಸೆಪ್ಶನ್ ಬರುತ್ತದೆ. ನೋಡಿದರೆ ಡೇಟಾಬೇಸಿನಲ್ಲಿ ರೈತನ ಹೆಸರಿದೆ, ಮೂರು ಲಾಟಿನಲ್ಲಿ ಎರಡೇ ಇವೆ. ಏನೂ ರದ್ದಾಗಿಲ್ಲ. ಚೀಟಿ ಇದ್ದಲ್ಲೇ ಇದೆ, ಕೆಲಸ ಮಾತ್ರ ಮಾಡಿಲ್ಲ.

ಏನಾಯಿತು? ಸ್ಪ್ರಿಂಗ್ ನಿಮ್ಮ ಆಬ್ಜೆಕ್ಟಿನ ಹೊರಗೆ ಒಂದು ಪ್ರಾಕ್ಸಿ, ಅಂದರೆ ಅದರ ಪರವಾಗಿ ಬಾಗಿಲಲ್ಲಿ ನಿಲ್ಲುವ ಆಬ್ಜೆಕ್ಟ್, ಕಟ್ಟುತ್ತದೆ. ಹೊರಗಿನವರು ‘ಉಳಿಸು’ ಎಂದಾಗ ಕರೆ ಮೊದಲು ಪ್ರಾಕ್ಸಿಗೆ ಬರುತ್ತದೆ. ಪ್ರಾಕ್ಸಿ ಟ್ರಾನ್ಸಾಕ್ಷನ್ ಶುರು ಮಾಡಿ, ಕೆಲಸವನ್ನು ನಿಮ್ಮ ನಿಜವಾದ ಆಬ್ಜೆಕ್ಟಿಗೆ ಒಪ್ಪಿಸಿ, ಮುಗಿದ ಮೇಲೆ ಕಮಿಟ್ ಮಾಡುತ್ತದೆ, ಅಂದರೆ ಬರೆದದ್ದನ್ನು ಖಾಯಂ ಮಾಡುತ್ತದೆ. ‘ಎಲ್ಲಉಳಿಸು’ ಕರೆದಾಗ ಅದರ ಮೇಲೆ ಚೀಟಿ ಇಲ್ಲದ್ದರಿಂದ ಪ್ರಾಕ್ಸಿ ಸುಮ್ಮನೆ ಒಳಗೆ ದಾಟಿಸುತ್ತದೆ. ಒಳಗೆ ಹೋದ ಮೇಲೆ ‘ದಿಸ್’ ಅಂದರೆ ನಿಜವಾದ ಆಬ್ಜೆಕ್ಟ್, ಪ್ರಾಕ್ಸಿ ಅಲ್ಲ. ‘ದಿಸ್.ಉಳಿಸು’ ಪ್ರಾಕ್ಸಿಯ ಬಾಗಿಲಿಗೆ ತಿರುಗಿ ಬರುವುದೇ ಇಲ್ಲ. ನಮ್ಮ 39,200 ರೂಪಾಯಿಯ ತಪ್ಪೇ ಇಲ್ಲಿ ಬೇರೆ ಬಟ್ಟೆ ತೊಟ್ಟು ಬಂದಿದೆ. ‘ಆದರೆ ಸ್ಪ್ರಿಂಗ್ ಬಹಳ ಸಲ ಮಗು ಕ್ಲಾಸ್ ಮಾಡಿಯೇ ಪ್ರಾಕ್ಸಿ ಕಟ್ಟುತ್ತದಲ್ಲ, ಇನ್‌ಹೆರಿಟನ್ಸಿನಲ್ಲಿ ದಿಸ್ ತಿರುಗಿ ಬರಬೇಕಲ್ಲ’ ಎಂದು ನೀವು ಕೇಳಬಹುದು. ಮಗು ಕ್ಲಾಸ್ ಹೌದು, ಆದರೆ ಅದು ಕೆಲಸವನ್ನು ತಾಯಿಯ ಮೆಥಡ್ಡಿಗೆ ಕಳಿಸುವುದಿಲ್ಲ. ಪಕ್ಕದಲ್ಲಿ ಪ್ರತ್ಯೇಕವಾಗಿ ಇಟ್ಟುಕೊಂಡ ನಿಮ್ಮ ಅಸಲಿ ಆಬ್ಜೆಕ್ಟಿಗೆ ಕಳಿಸುತ್ತದೆ. ಆದ್ದರಿಂದ ಫಲ ಒಂದೇ.

ಪರಿಹಾರ ಕಷ್ಟವಲ್ಲ. ಇಡೀ ದಿನದ ಪಟ್ಟಿಗಳು ಒಟ್ಟಿಗೆ ಉಳಿಯಬೇಕು ಇಲ್ಲವೇ ಒಂದೂ ಉಳಿಯಬಾರದು ಎಂದಿದ್ದರೆ ಚೀಟಿಯನ್ನು ‘ಎಲ್ಲಉಳಿಸು’ ಮೇಲೆ ಹಚ್ಚಿ. ಒಂದೊಂದು ಪಟ್ಟಿಗೂ ಬೇರೆ ಬೇರೆ ಟ್ರಾನ್ಸಾಕ್ಷನ್ ಬೇಕಿದ್ದರೆ ಲೂಪ್ ಇರುವ ಮೆಥಡ್ಡನ್ನು ಬೇರೆ ಕ್ಲಾಸಿಗೆ ಒಯ್ಯಿರಿ, ಆಗ ಕರೆ ಹೊರಗಿನಿಂದ ಪ್ರಾಕ್ಸಿಯ ಮೂಲಕವೇ ಬರುತ್ತದೆ. ನಾನು ಎರಡನೆಯದನ್ನು ಹೆಚ್ಚು ಮೆಚ್ಚುತ್ತೇನೆ. ದಿನದ ಲೆಕ್ಕ ಮುಗಿಸುವುದೂ ಒಂದು ಪಟ್ಟಿ ಬರೆಯುವುದೂ ನಿಜಕ್ಕೂ ಬೇರೆ ಬೇರೆ ಕೆಲಸಗಳು.

ಪ್ಯಾಟರ್ನ್‌ಗಳ ಹೆಸರಿಗೆ ಬರೋಣ. ಡೆಕೊರೇಟರ್, ಪ್ರಾಕ್ಸಿ, ಅಡಾಪ್ಟರ್ ಮೂರರ ಚಿತ್ರ ಬರೆದರೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ: ಹೊರಗೊಂದು, ಒಳಗೊಂದು, ಮಧ್ಯೆ ಬಾಣ. ವ್ಯತ್ಯಾಸ ಇರುವುದು ಉದ್ದೇಶದಲ್ಲಿ. ಅಡಾಪ್ಟರ್ ಇಂಟರ್‌ಫೇಸನ್ನೇ ಬದಲಿಸುತ್ತದೆ. ಪ್ರಾಕ್ಸಿ ಅದೇ ಇಂಟರ್‌ಫೇಸ್ ಇಟ್ಟುಕೊಂಡು ಒಳಗೆ ಬಿಡಬೇಕೋ ಬೇಡವೋ, ಯಾವಾಗ ಬಿಡಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಡೆಕೊರೇಟರ್ ಅದೇ ಇಂಟರ್‌ಫೇಸಿಗೆ ಹೊಸ ಗುಣ ಕೂಡಿಸುತ್ತದೆ. ಜಾವಾದಲ್ಲಿ ಫೈಲ್ ಓದುವ ಸ್ಟ್ರೀಮಿನ ಮೇಲೆ ಬಫರ್ ಸ್ಟ್ರೀಮ್ ಸುತ್ತುತ್ತೀರಲ್ಲ, ಅದು ಇದೇ. ಮೂರರಲ್ಲೂ ನಡೆಯುವುದು ಫಾರ್ವರ್ಡಿಂಗ್, ಹಾಗಾಗಿ ಒಳಗಿನ ಆಬ್ಜೆಕ್ಟ್ ತನ್ನನ್ನು ಎಲ್ಲಾದರೂ ‘ದಿಸ್’ ಎಂದು ನೋಂದಾಯಿಸಿಕೊಂಡರೆ, ಮುಂದಿನ ಕರೆಗಳು ನಿಮ್ಮ ಸುತ್ತಿದ ಪದರವನ್ನು ತಪ್ಪಿಸಿ ನೇರ ಒಳಗೆ ಹೋಗುತ್ತವೆ.

ಆ ನಾಲ್ವರ ಪುಸ್ತಕ ಡೆಲಿಗೇಶನ್ನಿಗೆ ಮುಖ್ಯ ಉದಾಹರಣೆಗಳೆಂದು ಹೆಸರಿಸುವುದು ಸ್ಟೇಟ್, ಸ್ಟ್ರಾಟಜಿ, ವಿಸಿಟರ್ ಮೂರನ್ನು. ಇವುಗಳಲ್ಲಿ ಸ್ಟೇಟ್ ಮತ್ತು ಸ್ಟ್ರಾಟಜಿಯನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ನಮ್ಮ ಪಟ್ಟಿ ಮೊದಲು ಕಚ್ಚಾ, ತೂಕ ಆದ ಮೇಲೆ ಪಕ್ಕಾ, ಹಣ ಕೊಟ್ಟ ಮೇಲೆ ಚುಕ್ತಾ. ಪ್ರತಿ ಹಂತಕ್ಕೂ ಒಂದೊಂದು ಆಬ್ಜೆಕ್ಟ್ ಮಾಡಿ, ‘ಮುಂದುವರಿಸು’ ಎಂಬ ಕೆಲಸವನ್ನು ಸದ್ಯದ ಹಂತಕ್ಕೆ ಒಪ್ಪಿಸುವುದು ಸ್ಟೇಟ್. ಆ ಹಂತ ತನ್ನ ಕೆಲಸ ಮುಗಿಸಿ ಪಟ್ಟಿಯನ್ನು ಮುಂದಿನ ಹಂತಕ್ಕೆ ದೂಡಬೇಕು. ಅದಕ್ಕೆ ಪಟ್ಟಿ ಯಾವುದು ಎಂದು ಗೊತ್ತಿರಲೇಬೇಕು. ಆದ್ದರಿಂದ ಪಟ್ಟಿ ತನ್ನನ್ನೇ ಕೊಟ್ಟು ಕಳಿಸುತ್ತದೆ. ವಕಾಲತ್ತು ಇಲ್ಲಿ ಅನಿವಾರ್ಯ.

ಸ್ಟ್ರಾಟಜಿ ಇನ್ನೂ ಸರಳ. ನಮ್ಮ ಸಂಘದ ಸದಸ್ಯರ ಸಮಸ್ಯೆಗೆ ನಾನು ಕೊಡುವ ನಿಜವಾದ ಉತ್ತರ ಅದೇ. ಕಡಿತ ಲೆಕ್ಕ ಹಾಕುವುದನ್ನು ಪಟ್ಟಿಯಿಂದ ಹೊರಗೆ ತೆಗೆದು ‘ಕಡಿತನಿಯಮ’ ಎಂಬ ಪುಟ್ಟ ಇಂಟರ್‌ಫೇಸ್ ಮಾಡಿ. ಸಾದಾ ನಿಯಮ ನೂರಕ್ಕೆ 2, ಸಂಘದ ನಿಯಮ ನೂರಕ್ಕೆ 1. ಪಟ್ಟಿ ಹುಟ್ಟುವಾಗಲೇ ಅದರ ಕೈಗೆ ಒಂದು ನಿಯಮ ಕೊಡಿ. ಈಗ ‘ನಿವ್ವಳ’ವು ‘ನಿಯಮ.ಕಡಿತ(ಬೆಲೆ)’ ಎಂದು ಕೇಳುತ್ತದೆ, ಬೆಲೆ ಕೊಡುತ್ತದೆ, ಅಂಕಿ ವಾಪಸ್ ಪಡೆಯುತ್ತದೆ. ನಿಯಮಕ್ಕೆ ಪಟ್ಟಿಯನ್ನು ತಿರುಗಿ ಕರೆಯುವ ಪ್ರಸಂಗವೇ ಇಲ್ಲ. ತಿರುಗಿ ಕರೆಯುವುದಿಲ್ಲವಾದ್ದರಿಂದ ‘ದಿಸ್’ ಯಾರು ಎಂಬ ಗೊಂದಲವೂ ಇಲ್ಲ. ‘ಸಂಘದಪಟ್ಟಿ’ ಎಂಬ ಕ್ಲಾಸೇ ಬೇಡವಾಯಿತು. ನಾಳೆ ಹಬ್ಬಕ್ಕೆ ಇನ್ನೊಂದು ನಿಯಮ ಬಂದರೆ ಪಟ್ಟಿಯ ಕೋಡನ್ನು ಮುಟ್ಟಬೇಕಾಗಿಲ್ಲ.

ನಾನು ಕೋಡ್ ನೋಡುವಾಗ ಬಳಸುವ ಅಳತೆ ಇದು. ಕೆಲಸ ಒಪ್ಪಿಸಿಕೊಂಡವನು ಒಪ್ಪಿಸಿದವನನ್ನು ಎಷ್ಟು ಸಲ ತಿರುಗಿ ಕೇಳುತ್ತಾನೆ? ಒಂದೂ ಇಲ್ಲವೆಂದರೆ ಸಾದಾ ಫಾರ್ವರ್ಡಿಂಗ್ ಸಾಕು, ನಿಶ್ಚಿಂತೆಯಾಗಿ ಬರೆಯಿರಿ. ಒಂದೆರಡು ಸಲ ಎಂದರೆ ‘ಯಾರ ಪರ’ ಎಂಬುದನ್ನು ಪ್ಯಾರಾಮೀಟರ್ ಮಾಡಿ ಕಣ್ಣಿಗೆ ಕಾಣುವಂತೆ ಕಳಿಸಿ. ಹತ್ತಾರು ಸಲ ಎಂದರೆ ಆ ಎರಡು ಆಬ್ಜೆಕ್ಟ್‌ಗಳು ಬೇರೆ ಬೇರೆಯಲ್ಲ, ನೀವು ಒಂದನ್ನು ಸುಮ್ಮನೆ ಎರಡು ಹೋಳು ಮಾಡಿದ್ದೀರಿ. ಅಲ್ಲಿ ಒಂದೇ ಕ್ಲಾಸಾಗಿ ಇಡುವುದೋ, ನೀವೇ ಬರೆದು ನೀವೇ ಕಾಯುವ ತಾಯಿ ಕ್ಲಾಸಿನಿಂದ ಇನ್‌ಹೆರಿಟ್ ಮಾಡುವುದೋ ಒಳ್ಳೆಯದು.

ಇತಿಹಾಸದಲ್ಲಿ ಒಂದು ಇಡೀ ಲೈಬ್ರರಿ ಈ ಕಡೆಯಿಂದ ಆ ಕಡೆಗೆ ದಾಟಿದ್ದುಂಟು. ಜಾವಾದ ಮೊದಲ ಆವೃತ್ತಿಯಲ್ಲಿ ಬಟನ್ ಒತ್ತಿದಾಗ ಏನಾಗಬೇಕು ಎಂದು ಹೇಳಲು ಸಾಮಾನ್ಯವಾಗಿ ಕಾಂಪೊನೆಂಟಿನ ಮಗು ಕ್ಲಾಸ್ ಮಾಡಿ ಈವೆಂಟ್ ಮೆಥಡ್ಡನ್ನು ಓವರ್‌ರೈಡ್ ಮಾಡಬೇಕಿತ್ತು. ಅದರೊಳಗೆ ‘ಇದು ಯಾವ ಬಟನ್ನು, ಯಾವ ಘಟನೆ’ ಎಂದು ಉದ್ದುದ್ದ ಇಫ್ ಸಾಲುಗಳು. 1997ರಲ್ಲಿ ಬಂದ 1.1 ಆವೃತ್ತಿಯಲ್ಲಿ ಅದನ್ನು ಬಿಟ್ಟು, ಘಟನೆಯ ಸುದ್ದಿ ಪಡೆಯುವ ಬೇರೆ ಆಬ್ಜೆಕ್ಟ್‌ಗಳಾದ ಲಿಸನರ್‌ಗಳನ್ನು ತಂದರು. ಆ ಕ್ರಮವನ್ನು ‘ಡೆಲಿಗೇಶನ್ ಈವೆಂಟ್ ಮಾಡೆಲ್’ ಎಂದೇ ಕರೆದರು. ಐಫೋನ್ ಆ್ಯಪ್ ಬರೆಯುವವರಿಗೆ ಡೆಲಿಗೇಟ್ ದಿನನಿತ್ಯದ ಊಟ. ಟೇಬಲ್ ವ್ಯೂ ‘ಈ ಸಾಲನ್ನು ಒತ್ತಿದರು, ಈಗೇನು’ ಎಂದು ತನ್ನ ಡೆಲಿಗೇಟನ್ನು ಕೇಳುತ್ತದೆ. ಆ ಮೆಥಡ್ಡಿನ ಮೊದಲ ಪ್ಯಾರಾಮೀಟರ್ ಏನು ಗೊತ್ತೇ? ಆ ಟೇಬಲ್ ವ್ಯೂವೇ. ತನ್ನನ್ನೇ ಕೊಟ್ಟು ಕಳಿಸುವ ಪದ್ಧತಿ ಅಲ್ಲಿ ಎಲ್ಲ ಕಡೆ ಇದೆ. ಡೆಲಿಗೇಟನ್ನು ‘ವೀಕ್’ ರೆಫರೆನ್ಸ್ ಆಗಿ, ಅಂದರೆ ಗಟ್ಟಿಯಾಗಿ ಹಿಡಿದುಕೊಳ್ಳದ ಕೊಂಡಿಯಾಗಿ, ಇಡುವುದನ್ನು ಮಾತ್ರ ಮರೆಯಬೇಡಿ. ಇವನು ಅವನನ್ನು ಹಿಡಿದುಕೊಂಡು, ಅವನು ಇವನನ್ನು ಹಿಡಿದುಕೊಂಡರೆ ಇಬ್ಬರೂ ಮೆಮೊರಿಯಿಂದ ಹೋಗುವುದಿಲ್ಲ.

ಡೆಲಿಗೇಶನ್ನಿಗೆ ಬೆಲೆಯೂ ಇದೆ. ಇಪ್ಪತ್ತು ಮೆಥಡ್ ಇರುವ ಇಂಟರ್‌ಫೇಸನ್ನು ಜಾವಾದಲ್ಲಿ ಸುತ್ತಬೇಕೆಂದರೆ ಇಪ್ಪತ್ತೂ ಮೆಥಡ್ಡನ್ನು ಕೈಯಾರೆ ದಾಟಿಸಬೇಕು. ಪದರದ ಮೇಲೆ ಪದರ ಬಿದ್ದಾಗ, ದೋಷ ಎಲ್ಲಿದೆ ಎಂದು ಹುಡುಕುವವನು ಸ್ಟ್ಯಾಕ್ ಟ್ರೇಸ್ ಓದಿ ಓದಿ ಸುಸ್ತಾಗುತ್ತಾನೆ. ಕೋಡನ್ನು ಓದಿದರಷ್ಟೇ ಸಾಲದು, ಓಡುವಾಗ ಯಾರ ಕೈಗೆ ಯಾರನ್ನು ಕೊಟ್ಟಿದ್ದಾರೆ ಎಂಬುದೂ ತಿಳಿಯಬೇಕು. ಕೂಡಿಸುವ ತೊಡಕಿಗಿಂತ ತರುವ ಸರಳತೆ ಹೆಚ್ಚಾಗಿದ್ದರೆ ಮಾತ್ರ ಡೆಲಿಗೇಶನ್ ಬಳಸಿ ಎಂದು ಆ ನಾಲ್ವರೂ ಎಚ್ಚರಿಸಿದ್ದಾರೆ. ಪ್ಯಾಟರ್ನ್ ಕಲಿತ ಹೊಸದರಲ್ಲಿ ಎಲ್ಲರೂ ಮರೆಯುವುದು ಆ ಎಚ್ಚರಿಕೆಯನ್ನೇ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ವಿದ್ಯಾರ್ಥಿನಿ ಒಬ್ಬರು ಎದ್ದು ನಿಂತು ಕೇಳಿದರು: “ಸರ್, ಹಂಗಾದ್ರ ಇಂಟರ್‌ವ್ಯೂದಾಗ ಇನ್‌ಹೆರಿಟನ್ಸ್ ಬ್ಯಾಡ ಅಂತ ಹೇಳಬೇಕೋ, ಬೇಕು ಅಂತ ಹೇಳಬೇಕೋ?”

“ಬೇಕೋ ಬ್ಯಾಡೋ ಅನ್ನೂದು ಆಮೇಲ ಇರಲವ್ವಾ, ಮೊದಲ ಈ ಪಟ್ಟಿ ಉದಾಹರಣೆ ಹಲಗಿ ಮ್ಯಾಲ ಬರದು ತೋರಸು,” ಎಂದೆ. “ಮೂರೂ ರೀತಿ ಬರಿ, ಮೂರೂ ಉತ್ತರ ಬರಿ. 39,600, 39,200, 39,600. ನಡುವಿಂದು ಯಾಕ ಬ್ಯಾರೆ ಬಂತು ಅಂತ ನೀ ಹೇಳಿದ್ರ, ಕೇಳಾಂವಗ ನಿನಗ ವಿಷಯ ಗೊತ್ತೈತಿ ಅಂತ ತಾನ ತಿಳೀತದ. ಆಮೇಲ ತಾಯಿ ಕ್ಲಾಸ್ ಇದ್ದ ಜಾಗಾದಾಗ ಮಗು ಕ್ಲಾಸ್ ಇಟ್ರೂ ಯಾವ ಮಾತೂ ಮುರಿಯೂದಿಲ್ಲ ಅಂದ್ರಷ್ಟ ಇನ್‌ಹೆರಿಟ್ ಮಾಡಬೇಕು ಅಂತ ಹೇಳು. ಬಾರ್ಬರಾ ಲಿಸ್ಕೋವ್ 1987ರಾಗ ಹೇಳಿದ್ದು ಅದನ್ನ. ಜಾವಾದ ಸ್ಟ್ಯಾಕ್ ಆ ಪರೀಕ್ಷೆದಾಗ ಯಾಕ ನಪಾಸಾಗ್ತದ ಅಂತ ಸೇರಿಸಿದ್ರ ಇನ್ನೂ ಛಲೋ.”

ಹಿಂದಿನಿಂದ ಒಬ್ಬರು ಪೈಥಾನ್ ಬಗ್ಗೆ ಕೇಳಿದರು. ಅಲ್ಲಿ ‘ಗೆಟ್‌ಆ್ಯಟ್ರ್’ ಎಂಬ ವಿಶೇಷ ಮೆಥಡ್ ಒಂದನ್ನು ಬರೆದರೆ ಸಾಕು, ತನ್ನಲ್ಲಿ ಇಲ್ಲದ ಎಲ್ಲವನ್ನೂ ಒಳಗಿನ ಆಬ್ಜೆಕ್ಟಿಗೆ ದಾಟಿಸಬಹುದು, ಇಪ್ಪತ್ತು ಮೆಥಡ್ ಬರೆಯುವ ಗೋಳೇ ಇಲ್ಲವಲ್ಲ ಎಂದು.

ಹೌದು, ಆದರೆ ಅದರಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಅದೂ ಫಾರ್ವರ್ಡಿಂಗೇ. ಒಳಗಿನ ಮೆಥಡ್ ಓಡುವಾಗ ‘ಸೆಲ್ಫ್’ ಒಳಗಿನದೇ. ಎರಡು, ‘ಲೆನ್’ ಎಂದು ಉದ್ದ ಕೇಳಿದಾಗ ಅಥವಾ ಫಾರ್ ಲೂಪಿನಲ್ಲಿ ಸುತ್ತಿದಾಗ ಪೈಥಾನ್ ಅದಕ್ಕೆ ಬೇಕಾದ ವಿಶೇಷ ಮೆಥಡ್ಡನ್ನು ಆಬ್ಜೆಕ್ಟಿನಲ್ಲಿ ಹುಡುಕುವುದಿಲ್ಲ, ನೇರ ಅದರ ಕ್ಲಾಸಿನಲ್ಲಿ ಹುಡುಕುತ್ತದೆ. ಆ ಹುಡುಕಾಟ ‘ಗೆಟ್‌ಆ್ಯಟ್ರ್’ ಹತ್ತಿರ ಬರುವುದೇ ಇಲ್ಲ. ಹಾಗಾಗಿ ಲಾಟ್‌ಗಳ ಲಿಸ್ಟನ್ನು ಹೀಗೆ ಸುತ್ತಿ ‘ಅಪೆಂಡ್’ ಮಾಡಿದರೆ ಕೆಲಸ ನಡೆಯುತ್ತದೆ, ಅದೇ ಆಬ್ಜೆಕ್ಟಿಗೆ ‘ಲೆನ್’ ಹಾಕಿದರೆ ಟೈಪ್ ಎರರ್ ಬರುತ್ತದೆ. ಉದ್ದಕ್ಕೊಂದು, ಲೂಪಿಗೊಂದು, ಚೌಕ ಬ್ರಾಕೆಟ್ಟಿನಲ್ಲಿ ನಂಬರ್ ಹಾಕಿ ತೆಗೆಯುವುದಕ್ಕೊಂದು ಮೆಥಡ್ಡನ್ನು ಹೊರಗಿನ ಕ್ಲಾಸಿನಲ್ಲಿ ನೀವೇ ಬರೆದು ದಾಟಿಸಿ. ಉಳಿದದ್ದನ್ನು ‘ಗೆಟ್‌ಆ್ಯಟ್ರ್’ ನೋಡಿಕೊಳ್ಳುತ್ತದೆ.